ರೂಟ್ ಕೆನಾಲ್ ಬೇಕೇ ಬೇಕು ಅಂದಿದ್ದ ಹಲ್ಲು, ನರ ತೆಗೀದೇನೇ ಉಳೀತು: ಡೆಂಟಲ್ ಕಾಲೇಜ್ ಒಪಿಡಿ ಬಗ್ಗೆ ನನ್ನ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಒಂದು ಗಂಟೇಲಿ ಕೆಲಸ ಮುಗಿಸ್ಕೊಂಡು ಆಫೀಸಿಗೆ ಓಡ್ಬೇಕು ಅನ್ನೋರು ಡೆಂಟಲ್ ಕಾಲೇಜ್ ಕಡೆ ತಲೆ ಹಾಕಿ ಕೂಡ ಮಲಗ್ಬೇಡಿ. ಅರ್ಧ ದಿನ ರಜಾ ಹಾಕೋಕೆ ಆಗೋರು, ಕೂತು ಕಾಯೋ ತಾಳ್ಮೆ ಇರೋರು ಮಾತ್ರ ಮುಂದೆ ಓದಿ. ನನ್ನ ಕಡೆಯಿಂದ 5ಕ್ಕೆ 4 ಸ್ಟಾರ್. ಟ್ರೀಟ್‌ಮೆಂಟಿಗೆ ಮಾತ್ರ ಕೊಡೋದಾದ್ರೆ 5ಕ್ಕೆ 5, ಆ ಒಂದು ಸ್ಟಾರ್ ಕಟ್ ಆಗಿದ್ದು ಕಾಯಿಸಿದ್ದಕ್ಕೆ.

ಬೆಂಗಳೂರಲ್ಲಿ ಡೆಂಟಲ್ ಕಾಲೇಜುಗಳಿಗೇನೂ ಬರ ಇಲ್ಲ, ಹೆಚ್ಚು ಕಮ್ಮಿ ಎಲ್ಲಾ ದಿಕ್ಕಲ್ಲೂ ಒಂದೊಂದಿದೆ, ಅದರಲ್ಲಿ ನಾವು ಹೋಗಿದ್ದು ಯಾವುದು ಅಂತ ಬರೆಯಲ್ಲ. ಯಾಕಂದ್ರೆ ಅಲ್ಲಿ ನಿಮ್ಮ ಕೇಸು ಯಾವ ಪಿಜಿ, ಅಂದ್ರೆ ಬಿಡಿಎಸ್ ಮುಗಿಸಿ ಎಂಡಿಎಸ್ ಓದ್ತಿರೋ ಡಾಕ್ಟರ್, ಕೈಗೆ ಹೋಗುತ್ತೋ ಅದರ ಮೇಲೆ ಅನುಭವ ನಿಂತಿರುತ್ತೆ, ನಮಗೆ ಸಿಕ್ಕ ಹುಡುಗಿ ನಿಮಗೂ ಸಿಗ್ತಾಳೆ ಅಂತ ಗ್ಯಾರಂಟಿ ಇಲ್ಲ. ಆದ್ರೆ ಯಾವ ಕಾಲೇಜಿಗೆ ಹೋದ್ರೂ, ಯಾವ ಪ್ರೈವೇಟ್ ಕ್ಲಿನಿಕ್ಕಿಗೆ ಹೋದ್ರೂ ಏನು ನೋಡ್ಬೇಕು ಏನು ಕೇಳ್ಬೇಕು ಅನ್ನೋದು ಒಂದೇ, ಅದಕ್ಕೇ ಇಷ್ಟು ಉದ್ದ ಬರೀತಿರೋದು.

ಪೇಷೆಂಟು ನನ್ನ ಮಗಳು, ಸೆಕೆಂಡ್ ಪಿಯು. ಕೆಳಗಿನ ಎಡಗಡೆ ದವಡೆ ಹಲ್ಲು, ಡಾಕ್ಟರ್‌ಗಳ ಲೆಕ್ಕದಲ್ಲಿ ತ್ರೀ ಸಿಕ್ಸ್, ಅಂದ್ರೆ ಆರು ವರ್ಷಕ್ಕೆ ಎಲ್ಲಕ್ಕಿಂತ ಮೊದಲು ಬರೋ ಪರ್ಮನೆಂಟ್ ದವಡೆ ಹಲ್ಲು. ಅದು ಹಾಲು ಹಲ್ಲು ಬಿದ್ದ ಜಾಗದಲ್ಲಿ ಬರಲ್ಲ, ಹಿಂದೆ ಸದ್ದಿಲ್ಲದೆ ಬಂದು ಕೂತಿರುತ್ತೆ, ಅದಕ್ಕೇ ಎಷ್ಟೋ ಜನ ಅಪ್ಪ ಅಮ್ಮಂದಿರು ಅದನ್ನೂ ಹಾಲು ಹಲ್ಲೇ ಅಂದ್ಕೊಂಡು ಸುಮ್ಮನಿರ್ತಾರೆ. ಇವಳಿಗೆ ಫ್ರಿಡ್ಜ್ ನೀರು ಕುಡಿದ್ರೆ ಜುಂ ಅನ್ನೋದು, ಊಟ ಸಿಕ್ಕಾಕೊಳ್ಳೋದು, ಐಸ್‌ಕ್ರೀಮ್ ಆ ಕಡೆ ಹೋದ್ರೆ ಕಣ್ಣು ಮುಚ್ಕೊಳ್ಳೋಳು, ಒಂದ್ನಿಮಿಷ ಕೂಡ ಅಲ್ಲ, ಅಲ್ಲೇ ಹೋಗ್ಬಿಡೋದು. ನಮ್ಮತ್ತೆ ಲವಂಗ ಇಟ್ಕೋ ಪುಟ್ಟಾ ಅಂದ್ರು, ಇಟ್ಕೊಂಡ್ಲು, ನಾಲ್ಗೆ ಉರೀತು ಅಷ್ಟೇ.

ಮನೆ ಹತ್ರದ ಕ್ಲಿನಿಕ್ ಒಂದರಲ್ಲಿ ಎಕ್ಸ್‌ರೇ ತೆಗೆದ್ರು. ಸ್ಕ್ರೀನ್ ತೋರಿಸಿ, ನೋಡಿ ಮೇಡಂ ಹುಳುಕು ನರದವರೆಗೂ ಹೋಗಿದೆ, ರೂಟ್ ಕೆನಾಲ್ ಮಾಡಿ ಜಿರ್ಕೋನಿಯಾ ಕ್ಯಾಪ್ ಹಾಕೋಣ, ಎಲ್ಲಾ ಸೇರಿ 16 ಸಾವಿರ ಆಗುತ್ತೆ, ಇವತ್ತೇ ಶುರು ಮಾಡಿದ್ರೆ ಡಿಸ್ಕೌಂಟ್ ಇದೆ ಅಂದ್ರು. ಹಲ್ಲು ತಾನೆ, ಸೀರೆ ಅಂಗಡಿ ಆಷಾಢ ಸೇಲ್ ಅಲ್ವಲ್ಲ. ಜೊತೆಗೆ ಐದು ದಿನದ ಆ್ಯಂಟಿಬಯಾಟಿಕ್ ಬರೆದುಕೊಟ್ರು. ರೇಟಿಗಿಂತ ನನಗೆ ತಲೆ ಕೆಟ್ಟಿದ್ದು ಏನಪ್ಪಾ ಅಂದ್ರೆ, ಆ ಹಲ್ಲನ್ನ ಯಾರೂ ತಟ್ಟಿ ನೋಡ್ಲಿಲ್ಲ, ತಣ್ಣಗಿದ್ದು ಇಟ್ಟು ನೋಡ್ಲಿಲ್ಲ, ನೋವು ಎಷ್ಟು ಹೊತ್ತು ಇರುತ್ತೆ ಅಂತ ಮಗಳನ್ನ ಒಂದು ಮಾತು ಕೇಳ್ಲಿಲ್ಲ. ಎಕ್ಸ್‌ರೇ ನೋಡಿದ ತಕ್ಷಣ ನರ ತೆಗೆಯೋ ತೀರ್ಮಾನ. ನಾನು ಹೈಸ್ಕೂಲಲ್ಲಿ ಸೈನ್ಸ್ ಪಾಠ ಮಾಡೋಳು, ಎಕ್ಸ್‌ರೇಲಿ ಗಟ್ಟಿ ಭಾಗ ಎಲ್ಲಿ ಕರಗಿದೆ ಅಂತ ಕಾಣುತ್ತೆ, ಒಳಗಿರೋ ನರ ಬದುಕಿದೆಯೋ ಸತ್ತಿದೆಯೋ ಅಂತ ಕಾಣಲ್ಲ ಅನ್ನೋಷ್ಟು ಗೊತ್ತು. ಯೋಚನೆ ಮಾಡಿ ಹೇಳ್ತೀವಿ ಅಂತ ಎದ್ದು ಬಂದ್ವಿ.

ಸ್ಕೂಲಲ್ಲಿ ನಮ್ಮ ಪಿಟಿ ಮೇಷ್ಟ್ರು ಕಾಲೇಜಿಗೆ ಹೋಗಿ ಅಂದ್ರು.

ಅಲ್ಲಿನ ಸಿಸ್ಟಂ ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ತೀನಿ. ಮೊದಲು ಕೌಂಟರಲ್ಲಿ ಕೇಸ್ ಪೇಪರ್ ಮಾಡಿಸ್ಬೇಕು, ಆಮೇಲೆ ಓರಲ್ ಮೆಡಿಸಿನ್ ಅನ್ನೋ ಡಿಪಾರ್ಟ್‌ಮೆಂಟಲ್ಲಿ ಸ್ಟೂಡೆಂಟ್ಸ್ ಬಾಯೆಲ್ಲಾ ನೋಡಿ ಬರ್ಕೋತಾರೆ, ಬಿಪಿ ಶುಗರ್ ಹಳೇ ಆಪರೇಷನ್ ಎಲ್ಲಾ ಕೇಳ್ತಾರೆ, ಅಲ್ಲಿಂದ ಎಕ್ಸ್‌ರೇ, ಎಕ್ಸ್‌ರೇ ಹಿಡ್ಕೊಂಡು ವಾಪಸ್ ಅದೇ ರೂಮು, ಅಲ್ಲಿ ಸೈನ್ ಆದ್ಮೇಲೆ ಹುಳುಕು ತುಂಬೋ, ರೂಟ್ ಕೆನಾಲ್ ಮಾಡೋ ಕನ್ಸರ್ವೇಟಿವ್ ಡಿಪಾರ್ಟ್‌ಮೆಂಟು. ಈ ಸೈನ್ ಹಾಕೋ ಸಾರ್‌ಗಳನ್ನ ಅಲ್ಲಿ ಎಲ್ಲರೂ ಸ್ಟಾಫ್ ಅಂತಾರೆ, ಸ್ಟಾಫ್ ಬರ್ಬೇಕು, ಸ್ಟಾಫ್ ಊಟಕ್ಕೆ ಹೋಗಿದಾರೆ, ಸ್ಟಾಫ್ ಸೆಮಿನಾರಲ್ಲಿದಾರೆ, ಇದನ್ನ ಕೇಳಿ ಕೇಳಿ ಮಗಳು ಮನೇಲಿ ಅವರಪ್ಪನಿಗೂ ಸ್ಟಾಫ್ ಅಂತ ಹೆಸರಿಟ್ಟಿದಾಳೆ. ಮೊದಲ ದಿನ ಬರೀ ಇದರಲ್ಲೇ ಮಧ್ಯಾಹ್ನ ಆಯ್ತು.

ಆದ್ರೆ ಕನ್ಸರ್ವೇಟಿವ್‌ನಲ್ಲಿ ಕೂತ ಮೇಲೆ ನಡೆದದ್ದು ನೋಡಿ ಕಾದಿದ್ದೆಲ್ಲಾ ಮರೀತು. ಎಂಡಿಎಸ್ ಎರಡನೇ ವರ್ಷದ ಹುಡುಗಿ, ಶಿವಮೊಗ್ಗ ಕಡೆಯೋಳು ಅಂತ ಮಾತಲ್ಲೇ ಗೊತ್ತಾಗೋದು. ಎಕ್ಸ್‌ರೇನ ಪಕ್ಕಕ್ಕಿಟ್ಟು ಮೊದಲು ಮಗಳನ್ನ ಕೇಳಿದ್ಲು, ರಾತ್ರಿ ನೋವಿಗೆ ಎಚ್ಚರ ಆಗಿತ್ತಾ, ಬಿಸಿ ಕಾಫಿಗೆ ನೋವಾಗುತ್ತಾ, ಏನೂ ತಿನ್ನದೆ ಸುಮ್ನೆ ಕೂತಿದ್ದಾಗ ತಾನಾಗೇ ಬರುತ್ತಾ. ಮೂರಕ್ಕೂ ಇಲ್ಲ ಅಂತ ಉತ್ತರ. ಆಮೇಲೆ ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲು ತಟ್ಟಿದ್ಲು. ಆಮೇಲೆ ಫ್ರಿಡ್ಜಿಂದ ಒಂದು ಪುಟ್ಟ ಐಸ್ ಕಡ್ಡಿ ತಂದ್ಲು, ಇಂಜೆಕ್ಷನ್ ಸೂಜಿಯ ಪ್ಲಾಸ್ಟಿಕ್ ಮುಚ್ಚಳದಲ್ಲಿ ನೀರು ತುಂಬಿ ಫ್ರೀಜ್ ಮಾಡಿರೋದು, ಪೆನ್ಸಿಲ್ ಮೊನೆಯಷ್ಟು ದಪ್ಪ. ಇದಕ್ಕೇ ಅಂತ ಸ್ಪ್ರೇ ಸಿಗುತ್ತಂತೆ, ಅವತ್ತು ಖಾಲಿಯಾಗಿತ್ತಂತೆ. ಮೊದಲು ಬಲಗಡೆ ಇರೋ ಚೆನ್ನಾಗಿರೋ ಹಲ್ಲಿಗೆ ಇಟ್ಲು, ನಾರ್ಮಲ್ ಅಂದ್ರೆ ಇವಳಿಗೆ ಹೇಗಿರುತ್ತೆ ಅಂತ ತಿಳ್ಕೊಳ್ಳೋಕೆ. ಆಮೇಲೆ ಹುಳುಕು ಹಲ್ಲಿಗೆ. ಮಗಳು ಕೈ ಎತ್ತಿದ್ಲು, ಐಸ್ ತೆಗೆದ ತಕ್ಷಣ ಹುಡುಗಿ ಗಡಿಯಾರ ನೋಡ್ತಾ ಹೋಯ್ತಾ, ಹೋಯ್ತಾ ಅಂತ ಕೇಳ್ತಿದ್ಲು, ಎರಡು ಮೂರು ಸೆಕೆಂಡಲ್ಲಿ ಹೋಯ್ತು ಅಂತ ಇವಳು ತಲೆ ಆಡಿಸಿದ್ಲು.

ಇಡೀ ಟ್ರೀಟ್‌ಮೆಂಟು ನಿಂತಿದ್ದು ಆ ಎರಡು ಮೂರು ಸೆಕೆಂಡಿನ ಮೇಲೆ. ತಣ್ಣಗಿದ್ದು ತೆಗೆದ ಕೂಡ್ಲೇ ನೋವು ಹೋದ್ರೆ ನರಕ್ಕೆ ಉರಿ ಇದೆ ಆದ್ರೆ ಸುಧಾರಿಸ್ಕೊಳ್ಳೋ ಸ್ಥಿತೀಲಿದೆ ಅಂತ. ತೆಗೆದ ಮೇಲೂ ಅರ್ಧ ನಿಮಿಷ, ಒಂದು ನಿಮಿಷ ಎಳೀತಾನೇ ಇದ್ರೆ, ಬಿಸಿಗೆ ಜಾಸ್ತಿಯಾದ್ರೆ, ರಾತ್ರಿ ತಾನಾಗೇ ಬಂದ್ರೆ ನರ ಜಾಸ್ತಿ ಹಾಳಾಗಿದೆ ಅಂತ. ಐಸ್ ಇಟ್ರೂ ಏನೂ ಗೊತ್ತಾಗ್ಲಿಲ್ಲ ಅಂದ್ರೆ ನರ ಸತ್ತಿರೋ ಡೌಟು. ಎಕ್ಸ್‌ರೇಲೂ ತೋರಿಸಿದ್ಲು, ಹುಳುಕಿನ ಕಪ್ಪು ನೆರಳಿಗೂ ನರದ ಕೋಣೆಗೂ ಮಧ್ಯ ತೆಳ್ಳಗೆ ಬಿಳೀ ಗೆರೆ ಇತ್ತು. ಬೇರಿನ ತುದೀಲಿ ಕಪ್ಪು ಇರ್ಲಿಲ್ಲ. ಅಂದ್ರೆ ಹತ್ರ ಹೋಗಿದೆ, ಇನ್ನೂ ಒಳಗೆ ನುಗ್ಗಿಲ್ಲ.

"ಹಾಗಾದ್ರೆ ಹುಳುಕೆಲ್ಲಾ ಕ್ಲೀನ್ ಮಾಡಿ ಸಿಮೆಂಟ್ ತುಂಬಿಸ್ತೀರಾ ಮೇಡಂ?" ಅಂದೆ.

"ಎಲ್ಲಾ ತೆಗೆಯಲ್ಲ ಆಂಟಿ, ತಳದಲ್ಲಿ ಸ್ವಲ್ಪ ಬಿಡ್ತೀವಿ" ಅಂದ್ಲು.

ನಾನು ಮಗಳ ಮುಖ ನೋಡಿದೆ, ಮಗಳು ನನ್ನ ಮುಖ ನೋಡಿದ್ಲು. ಹುಳುಕು ಬಿಟ್ಟು ಮೇಲೆ ಮುಚ್ತಾರಂತೆ! ನಾವೆಲ್ಲಾ ಕೇಳ್ಕೊಂಡು ಬಂದಿದ್ದು ಒಂದು ಚೂರೂ ಬಿಡದೆ ಕೆರೆದು ತೆಗೀಬೇಕು ಅಂತ. ಹಳೇ ಪದ್ಧತಿಯೂ ಅದೇ, ಗಟ್ಟಿ ಹಲ್ಲು ಸಿಗೋವರೆಗೂ ಕೊರೀತಾ ಹೋಗೋದು, ಹಾಗೆ ಹೋಗ್ತಾ ಹೋಗ್ತಾ ನರದ ಕೋಣೆ ತೂತಾಗಿ ರಕ್ತ ಬರೋದು, ರಕ್ತ ಬಂತು ಅಂತ ರೂಟ್ ಕೆನಾಲ್ ಮಾಡೋದು. ಆ ನರ ಕೆಡೋಕೆ ಹುಳುಕಿಗಿಂತ ಕೊರೆದಿದ್ದೇ ಕಾರಣ ಆಗಿರ್ತಿತ್ತು ಎಷ್ಟೋ ಸಲ. ಈಗ ಮಾಡೋದು ಏನಂದ್ರೆ ಗೋಡೆ ಸುತ್ತ, ಅಂಚಿನ ಸುತ್ತ ಪೂರ್ತಿ ಗಟ್ಟಿ ಭಾಗ ಸಿಗೋವರೆಗೂ ಕ್ಲೀನ್ ಮಾಡೋದು, ಯಾಕಂದ್ರೆ ಮೇಲಿನ ಫಿಲ್ಲಿಂಗ್ ಗಾಳಿ ನೀರು ಹೋಗದ ಹಾಗೆ ಅಂಟಬೇಕು, ನರದ ಮೇಲಿರೋ ತಳದಲ್ಲಿ ಮಾತ್ರ ಒದ್ದೆ ಮೆತ್ತನೇದು ತೆಗೆದು, ಚರ್ಮದ ಹಾಗೆ ಗಟ್ಟಿಯಾಗಿ ಬರೋ ಪದರ ಹಾಗೇ ಬಿಡೋದು. ಸೀಲ್ ಸರಿಯಾಗಿ ಬಿದ್ರೆ ಒಳಗೆ ಉಳಿದ ಬ್ಯಾಕ್ಟೀರಿಯಾಗೆ ಬಾಯಿಂದ ಸಕ್ಕರೆ ಸಪ್ಲೈ ಬಂದ್. ಆಸಿಡ್ ಮಾಡೋಕೆ ಆಗಲ್ಲ, ಬಹಳಷ್ಟು ಸಾಯುತ್ವೆ, ಉಳಿದದ್ದು ಸುಮ್ಮನಿರುತ್ವೆ. ಆ ಕಡೆಯಿಂದ ನರ ತನ್ನ ಗೋಡೆಗೆ ಹೊಸ ಡೆಂಟಿನ್ (ಹಲ್ಲಿನ ಒಳಗಿನ ಗಟ್ಟಿ ಭಾಗ) ಪದರ ಕಟ್ಕೊಳ್ಳುತ್ತೆ. ಸತ್ತ ಹಲ್ಲು ಈ ಕೆಲಸ ಮಾಡೋಕಾಗಲ್ಲ.

ಮನೆಗೆ ಬಂದು ನಾನೇ ಓದ್ದೆ, ಹುಡುಗಿ ಹೇಳಿದ್ದು ನಂಬಿಕೆ ಇಲ್ಲ ಅಂತಲ್ಲ, ಅಭ್ಯಾಸ. ಡೆನ್ಮಾರ್ಕ್ ಸ್ವೀಡನ್ ಕಡೆ 314 ಜನ ದೊಡ್ಡವರ ಮೇಲೆ ಮಾಡಿದ ಟ್ರಯಲ್ 2010ರಲ್ಲಿ ಬಂದಿದೆ. ಒಂದೇ ಸಲಕ್ಕೆ ಪೂರ್ತಿ ಕೆರೆದ ಹಲ್ಲುಗಳಲ್ಲಿ 28.9% ಕಡೆ ನರ ತೂತಾಯ್ತು, ಸ್ವಲ್ಪ ಬಿಟ್ಟು ಮುಚ್ಚಿ ಕೆಲವು ವಾರ ಆದ್ಮೇಲೆ ಮತ್ತೆ ತೆಗೆದು ಕ್ಲೀನ್ ಮಾಡಿದ್ರಲ್ಲಿ 17.5%. ಒಂದು ವರ್ಷದ ನಂತರ ಚೆನ್ನಾಗಿದ್ದ ಹಲ್ಲು 62% ವರ್ಸಸ್ 74%. ಆಮೇಲೆ ಬ್ರೆಜಿಲ್‌ನೋರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎರಡನೇ ಸಲ ತೆಗೆಯೋದಾದ್ರೂ ಯಾಕೆ ಅಂತ ಒಂದೇ ಸಿಟ್ಟಿಂಗಲ್ಲಿ ಬಿಟ್ಟು ಪರ್ಮನೆಂಟ್ ಆಗಿ ಮುಚ್ಚಿ ನೋಡಿದ್ರು, ಮೂರು ವರ್ಷದ ಮೇಲೆ ಅದು 91%, ಎರಡು ಸಲ ಮಾಡೋದು 69%. ಅದಕ್ಕೆ ದೊಡ್ಡ ಕಾರಣ ಕೇಳಿದ್ರೆ ನಗು ಬರುತ್ತೆ, ಬಹಳ ಜನ ಎರಡನೇ ಸಲ ಬರ್ಲೇ ಇಲ್ವಂತೆ, ಟೆಂಪರರಿ ಫಿಲ್ಲಿಂಗ್ ಕಿತ್ತು ಹೋಗಿ ಹಲ್ಲು ಕೆಡ್ತಂತೆ. ಬ್ರೆಜಿಲ್ ಆದ್ರೇನು ಬಸವನಗುಡಿ ಆದ್ರೇನು ಪೇಷೆಂಟ್ ಪೇಷೆಂಟೇ. ಯುರೋಪಿನ ಎಂಡೊಡಾಂಟಿಸ್ಟ್‌ಗಳ (ರೂಟ್ ಕೆನಾಲ್ ಸ್ಪೆಷಲಿಸ್ಟ್‌ಗಳ) ಸೊಸೈಟಿ 2019ರಲ್ಲಿ ಹೊರಡಿಸಿದ ಹೇಳಿಕೇಲೂ ಇಂಥ ಆಳದ ಹುಳುಕಿಗೆ ಹೀಗೆ ನೋಡ್ಕೊಂಡು ತೆಗೆಯೋದೇ ಸರಿ ಅಂತಿದೆ. ಅಂದ್ರೆ ಇದು ಕಾಲೇಜ್ ಹುಡುಗರ ಎಕ್ಸ್‌ಪೆರಿಮೆಂಟ್ ಅಲ್ಲ, ಆ ಭಯ ಇದ್ದೋರಿಗೆ ಹೇಳ್ತಿದೀನಿ.

ಟ್ರೀಟ್‌ಮೆಂಟ್ ದಿನ ಮಗಳಿಗೆ 18 ಆಗಿಲ್ದಿದ್ರಿಂದ ಒಪ್ಪಿಗೆ ಪತ್ರಕ್ಕೆ ನಾನು ಸೈನ್ ಹಾಕ್ಬೇಕಿತ್ತು, ಕನ್ನಡದಲ್ಲೇ ಇತ್ತು, ನರ ತೂತಾದ್ರೆ ಏನು ಮಾಡ್ತೀವಿ ಅನ್ನೋದನ್ನೂ ಮೊದಲೇ ಓದಿ ಹೇಳಿದ್ರು. ಇಂಜೆಕ್ಷನ್ ಕೊಟ್ಟು ಅರ್ಧ ತುಟಿ ಮರಗಟ್ಟಿದ ಮೇಲೆ ರಬ್ಬರ್ ಡ್ಯಾಮ್ ಹಾಕಿದ್ರು. ಹಸಿರು ರಬ್ಬರ್ ಹಾಳೆ, ಮಧ್ಯ ಒಂದು ತೂತು, ಆ ತೂತಿಂದ ಬರೀ ಆ ಒಂದು ಹಲ್ಲು ಹೊರಗೆ, ಕ್ಲಿಪ್ ಹಾಕಿ ಫ್ರೇಮಿಗೆ ಎಳೆದು ಕಟ್ಟೋದು. ನೋಡೋಕೆ ಭಯ ಆಗುತ್ತೆ, ಆದ್ರೆ ಎಂಜಲು ಒಂದು ಹನಿ ಒಳಗೆ ಹೋಗಲ್ಲ, ಮದ್ದು ಗಂಟಲಿಗೆ ಇಳಿಯಲ್ಲ. ನಿಮ್ಮ ಡಾಕ್ಟ್ರು ನರ ಉಳಿಸೋ ಟ್ರೀಟ್‌ಮೆಂಟ್ ಮಾಡ್ತೀನಿ ಅಂತ ಹೇಳಿ ಬರೀ ಹತ್ತಿ ಉಂಡೆ ಇಟ್ಕೊಂಡು ಶುರು ಮಾಡಿದ್ರೆ ಒಂದ್ಸಲ ಕೇಳಿ, ಸಾರ್ ರಬ್ಬರ್ ಡ್ಯಾಮ್ ಇಲ್ವಾ ಅಂತ. ಕೋಪ ಮಾಡ್ಕೊಂಡ್ರೆ ಮಾಡ್ಕೊಳ್ಳಿ.

ಆ ಹುಡುಗಿ ಮೇಲಿಂದ ಡ್ರಿಲ್ ಮಾಡಿ, ತಳಕ್ಕೆ ಬಂದಾಗ ಡ್ರಿಲ್ ಪಕ್ಕಕ್ಕಿಟ್ಟು ಪುಟ್ಟ ಚಮಚದಂಥ ಇನ್‌ಸ್ಟ್ರುಮೆಂಟ್ ತಗೊಂಡ್ಲು. ಕಂದು ಬಣ್ಣದ ಒದ್ದೆ ಹುಳುಕು ಪದರ ಪದರವಾಗಿ ಎದ್ದು ಬರ್ತಿತ್ತು, ಟಿಶ್ಯೂ ಮೇಲೆ ಒರೆಸ್ತಾ ಒರೆಸ್ತಾ ಒಂದು ಹಂತಕ್ಕೆ ಬಂದು ನಿಲ್ಲಿಸಿದ್ಲು. ಸ್ಟಾಫನ್ನ ಕರೆದ್ಲು. ವಯಸ್ಸಾದ ಸಾರ್ ಬಂದು ಕನ್ನಡಕ ಮೇಲೆತ್ತಿ, ಅವರೂ ಅದೇ ಚಮಚದಿಂದ ಎರಡು ಸಲ ಹಗುರಕ್ಕೆ ಕೆರೆದು, "ಸಾಕಮ್ಮ, ಇನ್ನು ಮುಟ್ಟಬೇಡ" ಅಂದು ಹೋದ್ರು. ಎಲ್ಲಿ ನಿಲ್ಲಿಸ್ಬೇಕು ಅನ್ನೋದನ್ನ ಇಬ್ಬರು ನೋಡಿ ತೀರ್ಮಾನ ಮಾಡ್ತಾರಲ್ಲ, ಕಾಲೇಜಿನ ದೊಡ್ಡ ಲಾಭ ನನ್ನ ಪ್ರಕಾರ ಇದೇ. ಪ್ರೈವೇಟಲ್ಲಿ ಒಬ್ಬರೇ, ಹೊರಗೆ ಇನ್ನೂ ನಾಲ್ಕು ಜನ ಕಾಯ್ತಿರ್ತಾರೆ.

ಆಮೇಲೆ ಬಯೋಡೆಂಟಿನ್ ಅನ್ನೋ ಹಲ್ಲಿನ ಸಿಮೆಂಟು. ಕ್ಯಾಪ್ಸೂಲಲ್ಲಿ ಪುಡಿ, ಅದಕ್ಕೆ ಐದು ಹನಿ ಲಿಕ್ವಿಡ್, ಮಿಷಿನ್‌ಗೆ ಸಿಕ್ಕಿಸಿ 30 ಸೆಕೆಂಡ್ ಗರ್ರ್ ಅಂತ ಅಲುಗಾಡಿಸಿದ್ರೆ ಬೆಳ್ಳಗೆ ಪೇಸ್ಟ್ ರೆಡಿ. ಅದನ್ನ ತಳದಲ್ಲಿ ಒತ್ತಿ ಹನ್ನೆರಡು ನಿಮಿಷ ಬಿಟ್ರು, ಗಟ್ಟಿಯಾಯ್ತು. ಇದು ಟ್ರೈಕ್ಯಾಲ್ಸಿಯಂ ಸಿಲಿಕೇಟ್. ನಮ್ಮನೆಯೋರು ಬಿಲ್ಡಿಂಗ್ ಕಂಟ್ರಾಕ್ಟರು, ರಾತ್ರಿ ಇದನ್ನ ಹೇಳಿದ್ರೆ, ಅಯ್ಯೋ ಅದು ನಮ್ಮ ಮೂಟೆ ಸಿಮೆಂಟೇ ಕಣೇ ಅಂತ ನಕ್ಕರು. ಪೂರ್ತಿ ತಮಾಷೆ ಏನಲ್ಲ, ಇದಕ್ಕಿಂತ ಮುಂಚೆ 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ಯೂನಿವರ್ಸಿಟಿಯಲ್ಲಿ ಟೊರಾಬಿನೆಜಾದ್ ಅನ್ನೋರು ತಂದ ಎಂಟಿಎ ಅನ್ನೋ ಮೆಟೀರಿಯಲ್ ಇದೆಯಲ್ಲ, ಅದು ಮೂಲದಲ್ಲಿ ಶುದ್ಧ ಮಾಡಿದ ಪೋರ್ಟ್‌ಲ್ಯಾಂಡ್ ಸಿಮೆಂಟು, ಎಕ್ಸ್‌ರೇಲಿ ಕಾಣ್ಲಿ ಅಂತ ಬಿಸ್ಮತ್ ಆಕ್ಸೈಡ್ ಸೇರಿಸಿರೋದು. ಒಳ್ಳೇದೇ, ಆದ್ರೆ ಸೆಟ್ ಆಗೋಕೆ ಗಂಟೆಗಟ್ಟಲೆ ಬೇಕು, ಹಲ್ಲು ಬೂದು ಬಣ್ಣಕ್ಕೆ ತಿರುಗೋ ಚಾನ್ಸ್ ಇದೆ. ಬಯೋಡೆಂಟಿನಲ್ಲಿ ಬಿಸ್ಮತ್ ಬದಲು ಜಿರ್ಕೋನಿಯಂ ಆಕ್ಸೈಡ್ ಇರೋದ್ರಿಂದ ಆ ತೊಂದರೆ ಕಮ್ಮಿ. ಹಳೇ ಕಾಲದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇನ್ನೂ ಎಷ್ಟೋ ಕಡೆ ಹಾಕ್ತಾರೆ, ಅದು ವರ್ಷಗಳು ಹೋದ ಹಾಗೆ ಫಿಲ್ಲಿಂಗ್ ಕೆಳಗೆ ಕರಗಿ ಹೋಗ್ಬಹುದು. ಏನು ಹಾಕ್ತಿದೀರಾ ಅಂತ ಕೇಳೋದ್ರಲ್ಲಿ ತಪ್ಪಿಲ್ಲ, ನಮ್ಮ ಬಾಯಿ, ನಮ್ಮ ದುಡ್ಡು. ಮೇಲೆ ಹಲ್ಲಿನ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್ ಹಾಕಿ ಬ್ಲೂ ಲೈಟ್ ಹಿಡಿದು ಮುಗಿಸಿದ್ರು. ಕ್ಯಾಪ್ ಬೇಡ ಅಂದ್ರು, ಗೋಡೆ ಸಾಕಷ್ಟು ಉಳಿದಿದೆ. ರೂಟ್ ಕೆನಾಲ್ ಆಗಿದ್ರೆ ಒಳಗೆ ದಾರಿ ಮಾಡೋಕೆ ಇನ್ನಷ್ಟು ಹಲ್ಲು ಕೊರೀಬೇಕಿತ್ತು, ದವಡೆ ಹಲ್ಲಿಗೆ ಆಮೇಲೆ ಸಾಮಾನ್ಯವಾಗಿ ಕ್ಯಾಪ್ ಬೇಕೇ ಬೇಕು, ಆ 16 ಸಾವಿರದಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ತಾನೆ.

ನಮಗೆ ಒಟ್ಟು ಎಕ್ಸ್‌ರೇ ಎಲ್ಲಾ ಸೇರಿ ಎರಡು ಸಾವಿರದ ಒಳಗೆ ಮುಗೀತು. ಬಯೋಡೆಂಟಿನ್ ಕ್ಯಾಪ್ಸೂಲ್ ಒಡೆದ್ರೆ ಒಬ್ಬರಿಗೇ, ಉಳಿದದ್ದು ಬಿಸಾಕ್ಬೇಕು, ಅದಕ್ಕೆ ಬರೀ ಸಿಮೆಂಟಿಗಿಂತ ಜಾಸ್ತಿ ಆಗುತ್ತೆ ಅಂತ ಮೊದಲೇ ಹೇಳಿದ್ರು. ಪ್ರೈವೇಟಲ್ಲಿ ಇದೇ ಟ್ರೀಟ್‌ಮೆಂಟಿಗೆ ಜಾಸ್ತಿ ತಗೋತಾರೆ, ತಗೊಳ್ಳಿ, ನ್ಯಾಯವೇ, ಒಂದು ಗಂಟೆ ಕಣ್ಣಿಟ್ಟು ಮಾಡೋ ಕೆಲಸ. ಆ್ಯಂಟಿಬಯಾಟಿಕ್ ಬೇಡ ಅಂದ್ರು. ನರದ ಉರಿಗೆ ಅದು ಕೆಲಸ ಮಾಡಲ್ಲ, ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರಲ್ಲೇ ಗೈಡ್‌ಲೈನ್ ಕೊಟ್ಟಿದೆ, ಆದ್ರೂ ನಮ್ಮಲ್ಲಿ ಹಲ್ಲು ನೋವು ಅಂದ್ರೆ ಮೆಡಿಕಲ್ ಸ್ಟೋರಿನೋನೇ ಒಂದು ಸ್ಟ್ರಿಪ್ ಕೈಗೆ ಕೊಡ್ತಾನೆ. ಬೇಕಾದ್ರೆ ಮಾತ್ರ ಪೇನ್‌ಕಿಲ್ಲರ್ ಅಂದ್ರು, ಮಗಳು ರಾತ್ರಿ ಒಂದು ತಗೊಂಡ್ಲು. ಸ್ವಲ್ಪ ದಿನ ಜುಂ ಅಂತಿತ್ತು, ಆಮೇಲೆ ಮರೆತೇ ಹೋಯ್ತು.

ಈಗ ಬೈಗುಳ. ಕೆಲಸ ಒಂದು ಗಂಟೆದು, ಸಿಟ್ಟಿಂಗ್ ಎರಡು ಗಂಟೆ ಮೇಲೆ, ಯಾಕಂದ್ರೆ ಪ್ರತಿ ಹಂತಕ್ಕೂ ಸ್ಟಾಫ್ ಬಂದು ನೋಡ್ಬೇಕು, ಅವರು ಬರೋವರೆಗೂ ಮಗಳು ಬಾಯಿ ತೆರ್ಕೊಂಡು ಮಲಗಿರ್ಬೇಕು, ದವಡೆ ಹಿಡ್ಕೊಂಡು ಅವತ್ತು ಚಪಾತಿ ತಿನ್ನೋಕಾಗ್ಲಿಲ್ಲ. ಸಾಲಾಗಿ ಚೇರುಗಳು, ಪಕ್ಕದೋರ ಹಲ್ಲಿನ ಕಥೆಯೆಲ್ಲಾ ನಿಮಗೆ ಕೇಳಿಸುತ್ತೆ, ನಿಮ್ಮದು ಅವರಿಗೆ. ಆರು ತಿಂಗಳಿಗೆ ಚೆಕಪ್‌ಗೆ ಬನ್ನಿ ಅಂತ ಬಾಯಲ್ಲಿ ಹೇಳಿದ್ರೇ ಹೊರತು ಒಂದು ಮೆಸೇಜ್ ಬರಲ್ಲ, ನೀವೇ ನೆನಪಿಟ್ಕೋಬೇಕು. ಈ ಟ್ರೀಟ್‌ಮೆಂಟಿಗೆ ಚೆಕಪ್ಪೇ ಪ್ರಾಣ, ನೋವಿಲ್ದೇ ಸದ್ದಿಲ್ದೇ ನರ ಸಾಯೋ ಚಾನ್ಸ್ ಇರುತ್ತೆ, ಆರು ತಿಂಗಳಿಗೆ, ವರ್ಷಕ್ಕೆ ಐಸ್ ಟೆಸ್ಟು ಎಕ್ಸ್‌ರೇ ಎರಡೂ ಆಗ್ಬೇಕು. ಇಷ್ಟು ಚೆನ್ನಾಗಿ ಕೆಲಸ ಮಾಡೋರು ಒಂದು ವಾಟ್ಸಾಪ್ ರಿಮೈಂಡರ್ ಹಾಕೋಕಾಗಲ್ವಾ? ನಾನೇ ಕ್ಯಾಲೆಂಡರಲ್ಲಿ ಗುರುತು ಹಾಕಿದ್ದೆ, ಹೋದ್ವಿ, ಐಸಿಗೆ ಪಕ್ಕದ ಹಲ್ಲಿನ ಹಾಗೇ ರೆಸ್ಪಾನ್ಸ್ ಇದೆ, ಬೇರಿನ ತುದಿ ಕ್ಲಿಯರ್. ವರ್ಷದ ಚೆಕಪ್ ಇನ್ನೂ ಬಾಕಿ, ಅದೂ ಚೆನ್ನಾಗಿ ಬಂದ್ಮೇಲೆ ಇಲ್ಲೇ ಕೆಳಗೆ ಬರೀತೀನಿ.

ಇದನ್ನ ಓದಿ ಎಲ್ಲರೂ ರೂಟ್ ಕೆನಾಲ್ ಅಂದ್ರೆ ಮೋಸ ಅಂತ ತಿಳ್ಕೋಬೇಡಿ ದಯವಿಟ್ಟು. ನನ್ನ ಓರಗಿತ್ತಿಗೆ ಕೆನ್ನೆ ಊದಿ ಕೀವಾಗಿತ್ತು, ಅವರ ನರ ಸತ್ತು ಎಷ್ಟೋ ದಿನ ಆಗಿತ್ತು, ಅಲ್ಲಿ ಉಳಿಸೋಕೆ ಏನೂ ಇಲ್ಲ, ರೂಟ್ ಕೆನಾಲ್ ಇಲ್ಲಾಂದ್ರೆ ಕೀಳಿಸೋದು. ಇವೆರಡರ ಮಧ್ಯ ಇನ್ನೊಂದು ದಾರಿನೂ ಇದೆ, ನರ ತೂತಾದ್ರೂ, ರಾತ್ರಿ ನೋವಿದ್ರೂ ಕೂಡ ಕೆಲವು ಸಲ ಮೇಲಿನ ಕೆಟ್ಟ ಭಾಗ ಮಾತ್ರ ತೆಗೆದು ಬೇರಲ್ಲಿರೋ ನರ ಬಿಡ್ತಾರೆ, ಪಲ್ಪಾಟಮಿ ಅಂತ. ತೆಗೆದ ಮೇಲೆ ಹತ್ತಿಯಲ್ಲಿ ಮದ್ದು ಅದ್ದಿ ಒತ್ತಿ ಹಿಡೀತಾರೆ, ಕೆಲವು ನಿಮಿಷದಲ್ಲಿ ರಕ್ತ ನಿಂತ್ರೆ ಕೆಳಗಿನ ನರ ಚೆನ್ನಾಗಿದೆ ಅಂತ, ನಿಲ್ಲದೇ ಬರ್ತಾನೇ ಇದ್ರೆ ಇಲ್ಲ ಅಂತ. ಮೊದಲು ಮಕ್ಕಳಿಗೆ ಮಾತ್ರ ಮಾಡ್ತಿದ್ದಿದ್ದು, ಈಗ ದೊಡ್ಡವರಿಗೂ ಮಾಡ್ತಾರೆ. ಆರೇಳು ಎಂಟು ವರ್ಷದ ಮಕ್ಕಳಿಗೆ ಈ ದವಡೆ ಹಲ್ಲು ಹುಳುಕಾಗಿದ್ರಂತೂ ನರ ಉಳಿಸೋಕೆ ಜಗಳ ಆಡಿ ಬೇಕಾದ್ರೆ, ಯಾಕಂದ್ರೆ ಬೇರು ಪೂರ್ತಿ ಬೆಳೆಯೋದು ಒಂಬತ್ತು ಹತ್ತು ವರ್ಷಕ್ಕೆ, ನರ ಹೋದ್ರೆ ಬೇರಿನ ಬೆಳವಣಿಗೇನೂ ನಿಂತ್ಹೋಗುತ್ತೆ.

ಹೋಗೋರಿಗೆ: ಬೆಳಿಗ್ಗೆ ಕೌಂಟರ್ ತೆಗೆಯೋಷ್ಟೊತ್ತಿಗೇ ಇರಿ, ಸೋಮವಾರ ಬೇಡ, ಭಾನುವಾರ ನೋವು ತಡ್ಕೊಂಡಿರೋರೆಲ್ಲಾ ಅವತ್ತೇ ಬಂದಿರ್ತಾರೆ. ಹಳೇ ಎಕ್ಸ್‌ರೇ ಇದ್ರೆ ತಗೊಂಡ್ಹೋಗಿ. ತಿಂಡಿ ತಿನ್ಕೊಂಡೇ ಹೋಗಿ, ತುಟಿ ಮರಗಟ್ಟಿದ ಮೇಲೆ ಎರಡು ಮೂರು ಗಂಟೆ ಏನೂ ತಿನ್ನೋ ಹಾಗಿಲ್ಲ, ತುಟಿ ಕಚ್ಕೋತೀರ. ನಮ್ಮ ಪಿಜಿ ಹುಡುಗಿಗೆ ಮುಂದಿನ ವರ್ಷ ಫೈನಲ್ ಎಕ್ಸಾಂ ಅಂತೆ, ಎಕ್ಸಾಂ ಟೈಮಲ್ಲಿ ಅಪಾಯಿಂಟ್‌ಮೆಂಟ್ ಸಿಗೋದು ಕಷ್ಟ, ಅಷ್ಟರೊಳಗೆ ನಮ್ಮನೆಯೋರ ಮೇಲಿನ ಹಲ್ಲನ್ನೂ ತೋರಿಸ್ಬೇಕು, ಮೂಟೆ ಸಿಮೆಂಟ್ ಅಂತ ನಕ್ಕಿದ್ರಲ್ಲ, ಈಗ ಅವರಿಗೂ ಐಸ್ ವಾಟರಿಗೆ ಜುಂ ಅಂತಿದೆಯಂತೆ.